ಬೇಸಿಗೆಯ ಬಿಸಿಲಿನ ಲೆಕ್ಕ: ತಾರಸಿ ತೋಟ, ಸಂತೆ ಮತ್ತು ಅಡುಗೆಮನೆಯನ್ನು ಒಟ್ಟಿಗೆ ನಿಭಾಯಿಸುವ ಬಗೆ

ಯುಗಾದಿ ಕಳೆದು ಭರಣಿ ಮಳೆ ಹಿಡಿಯುವವರೆಗಿನ ನಾಲ್ಕೈದು ವಾರಗಳಲ್ಲಿ ಬೆಂಗಳೂರಿನ ಮನೆಯೊಂದರಲ್ಲಿ ಎಲ್ಲ ಕೆಲಸಗಳೂ ಒಟ್ಟಿಗೇ ಬಂದು ನಿಲ್ಲುತ್ತವೆ. ತಾರಸಿಯ ಗಿಡಗಳಿಗೆ ದಿನವೂ ನೀರು ಬೇಕು, ಸಂತೆಗೆ ಮಿಡಿ ಮಾವಿನಕಾಯಿ ಬರುವುದು ಆಗಲೇ, ಸಂಡಿಗೆಗೆ ಬೇಕಾದ ಕಡುಬಿಸಿಲು ಸಿಗುವುದೂ ಆಗಲೇ, ಮನೆಯವರಿಗೆ ತಂಪಾದ ಅಡುಗೆ ಬೇಕೆನಿಸುವುದೂ ಆಗಲೇ. ಕೆಲಸ ಹೆಚ್ಚು ಎನ್ನುವುದಕ್ಕಿಂತ, ತೋಟ, ಸಂತೆ, ಅಡುಗೆ ಮೂರೂ ಬೆಳಗಿನ ಅದೇ ಮೂರು ತಣ್ಣನೆಯ ಗಂಟೆಗಳನ್ನು ಕೇಳುತ್ತವೆ ಎನ್ನುವುದೇ ನಿಜವಾದ ತೊಡಕು. ಆದ್ದರಿಂದ ಯಾವ ಕೆಲಸಕ್ಕೆ ನೆರಳು ಬೇಕು, ಯಾವುದಕ್ಕೆ ಎಳೆಬಿಸಿಲು ಸಾಕು, ಯಾವುದಕ್ಕೆ ನಡುಹಗಲಿನ ಉರಿಬಿಸಿಲೇ ಬೇಕು ಎಂದು ವಿಂಗಡಿಸಿಕೊಂಡರೆ ದಿನ ತಾನಾಗಿ ಹದಕ್ಕೆ ಬರುತ್ತದೆ. ಹುಟ್ಟೂರು ಮಲೆನಾಡಾಗಿದ್ದು ಬಹಳ ವರ್ಷಗಳಿಂದ ಬಸವನಗುಡಿಯ ಸುತ್ತಮುತ್ತ ವಾಸವಾಗಿರುವ ನಾನು ನಮ್ಮ ಮನೆಯಲ್ಲಿ ಪಾಲಿಸುತ್ತ ಬಂದಿರುವ ಕ್ರಮವನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ.

1. ಬೇಸಿಗೆಗೆ ಒಗ್ಗುವ ಗಿಡಗಳನ್ನೇ ಆರಿಸಿಕೊಳ್ಳಿ

ಏಪ್ರಿಲ್ ತಿಂಗಳಲ್ಲಿ ಟೊಮೆಟೊ ಗಿಡ ಹೂ ಉದುರಿಸುತ್ತದೆ ಎಂದು ಕೊರಗುವವರು ಬಹಳ ಮಂದಿ. ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದಾಗ ಟೊಮೆಟೊ ಹೂವಿನ ಪರಾಗ ಸತ್ವ ಕಳೆದುಕೊಳ್ಳುತ್ತದೆ; ಎಷ್ಟು ಗೊಬ್ಬರ ಹಾಕಿದರೂ ಕಾಯಿ ಕಚ್ಚುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿದ್ದನ್ನು ನೆನಪಿನಲ್ಲಿಟ್ಟುಕೊಂಡರೆ, ಈ ಊರಿನಲ್ಲೂ ಬೇಸಿಗೆಯ ಬೆಳೆಯನ್ನು ಬೇರೆಯಾಗಿಯೇ ಯೋಚಿಸಬೇಕೆಂಬುದು ತಿಳಿಯುತ್ತದೆ. ಕೊತ್ತಂಬರಿಯೂ ಈ ಬಿಸಿಲಿಗೆ ಎಲೆ ಬಿಡುವ ಮೊದಲೇ ಹೂವಿಗೆ ಏರುತ್ತದೆ.

ಬೆಂಡೆ, ಗೋರಿಕಾಯಿ, ಹಾಗಲ, ಹೀರೆ, ಸೌತೆ, ಬದನೆ ಇವು ಬಿಸಿಲನ್ನು ತಾಳುತ್ತವೆ. ಸೊಪ್ಪುಗಳಲ್ಲಿ ಬಸಳೆ, ದಂಟು, ಹರಿವೆ, ಚಕ್ರಮುನಿ ಇವು ನಂಬಿಕಸ್ಥ ಗಿಡಗಳು. ಹೊಸದಾಗಿ ತೊಡಗುವವರು ಬೇರೇನನ್ನೂ ಬೆಳೆಯದಿದ್ದರೂ ದೊಡ್ಡಪತ್ರೆ, ಒಂದೆಲಗ ಮತ್ತು ಬಸಳೆ ಈ ಮೂರನ್ನು ಇಟ್ಟುಕೊಳ್ಳಬೇಕೆಂಬುದು ನನ್ನ ಒತ್ತಾಯ. ದೊಡ್ಡಪತ್ರೆಯ ಒಂದು ಕಡ್ಡಿ ಚುಚ್ಚಿದರೆ ಸಾಕು, ಬಸಳೆಯೂ ಬಳ್ಳಿಯ ತುಂಡಿನಿಂದಲೇ ಬೆಳೆಯುತ್ತದೆ, ಒಂದೆಲಗಕ್ಕೆ ಅರೆನೆರಳು ಮತ್ತು ಸದಾ ತೇವವಿರುವ ಅಗಲ ಕುಂಡ ಕೊಟ್ಟರೆ ವರ್ಷವಿಡೀ ಹಬ್ಬುತ್ತದೆ.

ಬೆಂಡೆ, ಬದನೆಗಳಿಗೆ ಕನಿಷ್ಠ 15ರಿಂದ 20 ಲೀಟರು ಹಿಡಿಯುವ ಚೀಲ ಬೇಕು. ಚಿಕ್ಕ ಕುಂಡದ ಮಣ್ಣು ಮಧ್ಯಾಹ್ನದೊಳಗೆ ಕಾದು ಬೇರು ಬೇಯುತ್ತದೆ. ಕೆಂಪುಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಇವನ್ನು ಸಮಪಾಲಿನಲ್ಲಿ ಬೆರೆಸಿಕೊಳ್ಳಿ. ನಾರಿನ ಪುಡಿಯನ್ನು ಬಳಸುವ ಮೊದಲು ಎರಡು ಬಾರಿ ನೀರಿನಲ್ಲಿ ನೆನೆಸಿ ಹಿಂಡಿದರೆ ಅದರಲ್ಲಿರುವ ಉಪ್ಪಿನಂಶ ಹೋಗುತ್ತದೆ. ನೀರು ಕುಡಿದ ಇಂಥ ಒಂದು ಚೀಲ 20 ಕಿಲೋಗಿಂತ ಹೆಚ್ಚು ತೂಗಬಹುದಾದ್ದರಿಂದ, ತಾರಸಿಯ ನಡುವೆ ಗುಂಪಾಗಿ ಇಡದೆ ಗೋಡೆ ಮತ್ತು ತೊಲೆಗಳ ನೇರಕ್ಕೆ ಸಾಲಾಗಿ ಇಡಬೇಕು.

2. ಹಿಂದಿನ ಸಂಜೆಯೇ ನಾಳೆಯನ್ನು ಗೊತ್ತುಮಾಡಿ

ಸಂತೆಯ ಪಟ್ಟಿಯನ್ನು ಅಡುಗೆಮನೆಯಲ್ಲಿ ಕುಳಿತು ಬರೆಯಬಾರದು, ತಾರಸಿಯಲ್ಲಿ ನಿಂತು ಬರೆಯಬೇಕು. ಸಂಜೆ ಆರರ ಹೊತ್ತಿಗೆ ಗಿಡಗಳ ನಡುವೆ ಒಂದು ಸುತ್ತು ಹಾಕಿ, ನಾಳೆ ಬೆಳಿಗ್ಗೆ ಕೊಯ್ಯಬಹುದಾದದ್ದು ಏನೇನಿದೆ ಎಂದು ಮೊದಲು ಗುರುತು ಹಾಕಿಕೊಳ್ಳಿ. ಆರು ಬೆಂಡೆಕಾಯಿ ಮತ್ತು ಒಂದು ಹಿಡಿ ಬಸಳೆ ಇದ್ದರೆ ನಾಳೆಯ ಹುಳಿ ಬಸಳೆಯದು. ಆರು ಬೆಂಡೆಕಾಯಿ ಪಲ್ಯಕ್ಕೆ ಸಾಲದಾದ್ದರಿಂದ ಕಾಲು ಕಿಲೋ ಬೆಂಡೆಯನ್ನು ಪಟ್ಟಿಗೆ ಸೇರಿಸಬೇಕು ಅಥವಾ ಅವನ್ನು ಗೊಜ್ಜಿಗೆ ತಿರುಗಿಸಬೇಕು. ಹೀಗೆ ಮಾಡಿದಾಗ ಮನೆಯಲ್ಲಿ ಬೆಳೆದದ್ದು ವ್ಯರ್ಥವಾಗುವುದಿಲ್ಲ, ಸಂತೆಯಿಂದ ತಂದದ್ದು ಫ್ರಿಜ್ಜಿನಲ್ಲಿ ಕೊಳೆಯುವುದಿಲ್ಲ. ಅದೇ ರಾತ್ರಿ ಮಲಗುವ ಮುನ್ನ ಸಂಡಿಗೆಗೆ ಸಬ್ಬಕ್ಕಿ ನೆನೆಹಾಕುವುದು ಮತ್ತು ಬಟ್ಟೆಯ ಚೀಲಗಳು, ಚಿಲ್ಲರೆ ಹಣ ಇವನ್ನು ಬಾಗಿಲ ಬಳಿ ಎತ್ತಿಡುವುದು ಆಗಿಬಿಟ್ಟರೆ ಬೆಳಿಗ್ಗೆ ಅರ್ಧ ಗಂಟೆ ಉಳಿಯುತ್ತದೆ.

3. ಆರು ಗಂಟೆಯೊಳಗೆ ನೀರು

2024ರ ಬೇಸಿಗೆಯಲ್ಲಿ ನೀರಿನ ಬವಣೆ ಬಂದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಆ ವರ್ಷ ನಾವು ಕಲಿತ ಪಾಠವನ್ನು ಬಿಟ್ಟಿಲ್ಲ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರೆಲ್ಲ ಒಂದು ಬಕೆಟ್ಟಿಗೆ ಬೀಳುವಂತೆ ಅಡುಗೆಮನೆಯಲ್ಲೇ ಏರ್ಪಾಡು ಮಾಡಿಕೊಂಡರೆ ಹತ್ತು ಹನ್ನೆರಡು ಕುಂಡಗಳಿಗೆ ಅದೇ ಸಾಕಾಗುತ್ತದೆ. ನೀರು ಶುದ್ಧೀಕರಿಸುವ ಯಂತ್ರ ಬೇರ್ಪಡಿಸಿ ಹೊರಹಾಕುವ ನೀರಿನಲ್ಲಿ ಲವಣಾಂಶ ಹೆಚ್ಚಿರುವುದರಿಂದ ಅದನ್ನು ಬೇರೆ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ, ವಾರಕ್ಕೆ ಒಂದೆರಡು ಬಾರಿ ಮಾತ್ರ ಹಾಕಿ.

ನೀರು ಹಾಕುವ ಮುನ್ನ ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ತೇವ ತಗುಲಿದರೆ ಆ ದಿನ ಆ ಕುಂಡಕ್ಕೆ ನೀರು ಬೇಡ. ಮಧ್ಯಾಹ್ನ ಎಲೆ ಬಾಡಿದಂತೆ ಕಂಡದ್ದು ಸಂಜೆ ನೆಟ್ಟಗಾದರೆ ಅದು ನೀರಿನ ಕೊರತೆಯಲ್ಲ, ಗಿಡ ತನ್ನನ್ನು ಬಿಸಿಲಿನಿಂದ ಕಾಪಾಡಿಕೊಳ್ಳುವ ರೀತಿ. ಈ ವ್ಯತ್ಯಾಸ ತಿಳಿಯದೆ ಮತ್ತೆ ಮತ್ತೆ ನೀರು ಸುರಿದು ಬೇರು ಕೊಳೆಸುವುದೇ ಹೊಸಬರ ಮನೆಗಳಲ್ಲಿ ನಾನು ಹೆಚ್ಚಾಗಿ ಕಂಡ ತಪ್ಪು. ಕುಂಡದ ಮೇಲ್ಮಣ್ಣಿಗೆ ಎರಡಂಗುಲ ದಪ್ಪ ತರಗೆಲೆ, ಕಬ್ಬಿನ ಸಿಪ್ಪೆ ಅಥವಾ ತೆಂಗಿನ ಸಿಪ್ಪೆಯ ಹೊದಿಕೆ ಹಾಕಿದರೆ ದಿನ ಬಿಟ್ಟು ದಿನ ನೀರು ಕೊಟ್ಟರೂ ನಡೆಯುತ್ತದೆ. ದೊಡ್ಡ ಕುಂಡಗಳ ನಡುವೆ ಪುಟ್ಟ ಮಣ್ಣಿನ ಕುಡಿಕೆಯೊಂದನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಬೋಗುಣಿ ಮುಚ್ಚಿಡುವುದು ಇನ್ನೂ ಒಳ್ಳೆಯದು. ಕುಡಿಕೆಯ ಗೋಡೆಯಿಂದ ಜಿನುಗುವ ನೀರನ್ನು ಬೇರು ತನಗೆ ಬೇಕಾದಷ್ಟೇ ಹೀರಿಕೊಳ್ಳುತ್ತದೆ.

ನೀರು ಹಾಕುವಾಗಲೇ ಎಲೆಯ ಅಡಿಭಾಗವನ್ನು ತಿರುಗಿಸಿ ನೋಡುವ ಅಭ್ಯಾಸವಿರಲಿ. ಒಣಹವೆಯಲ್ಲಿ ಜೇಡನುಸಿ ಮತ್ತು ಬಿಳಿ ಹಿಟ್ಟುತಿಗಣೆ ಬೇಗ ಹೆಚ್ಚುತ್ತವೆ. ಮೊದಲು ಬರಿ ನೀರನ್ನು ಜೋರಾಗಿ ಚಿಮ್ಮಿಸಿ ತೊಳೆಯಿರಿ. ಹೋಗದಿದ್ದರೆ ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆ ಮತ್ತು ಕೆಲವು ಹನಿ ಸೋಪಿನ ದ್ರವ ಬೆರೆಸಿ, ಬಿಸಿಲಿಳಿದ ಮೇಲೆ ಮಾತ್ರ ಸಿಂಪಡಿಸಿ. ಬೆಂಡೆಯ ಎಲೆಯ ನರಗಳು ಹಳದಿಯಾಗಿ ಬಲೆಯಂತೆ ಕಂಡರೆ ಅದು ಬಿಳಿನೊಣ ಹರಡುವ ನಂಜುರೋಗ. ಮದ್ದಿಗೆ ಕಾಯದೆ ಗಿಡವನ್ನೇ ಕಿತ್ತುಬಿಡಿ.

4. ಏಳು ಗಂಟೆಗೆ ಸಂತೆ

ಗಾಂಧಿ ಬಜಾರಾಗಲಿ, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಾಗಲಿ, ಭಾನುವಾರದ ಸಾವಯವ ಸಂತೆಯಾಗಲಿ, ಬೇಸಿಗೆಯಲ್ಲಿ ಎಂಟೂವರೆಯ ನಂತರ ಹೋದರೆ ಸೊಪ್ಪು ಬಾಡಿರುತ್ತದೆ, ಬಾಡಿದ್ದನ್ನು ಮುಚ್ಚಲು ನೀರು ಚಿಮುಕಿಸಿರುತ್ತಾರೆ. ನೀರು ಚಿಮುಕಿಸಿದ ಸೊಪ್ಪಿನ ಕಟ್ಟು ಮೇಲೆ ಹಸಿರಾಗಿ ಕಂಡರೂ ನಡುವೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಅಂಥದ್ದು ಸಂಜೆಗೆ ಕೊಳೆಯುತ್ತದೆ. ಮೊದಲು ಬರಿಗೈಯಲ್ಲಿ ಕೊನೆಯವರೆಗೆ ಒಮ್ಮೆ ನಡೆದು, ಬೆಲೆ ಮತ್ತು ಬಣ್ಣ ನೋಡಿಕೊಂಡು, ಹಿಂದಿರುಗುವಾಗ ಕೊಳ್ಳಿ. ಬೆಲೆಯ ಅಂದಾಜಿಗೆ ಹಾಪ್‌ಕಾಮ್ಸ್ ಹಣ್ಣು-ತರಕಾರಿ ಮಳಿಗೆಯ ದರಪಟ್ಟಿ ಒಳ್ಳೆಯ ಅಳತೆಗೋಲು. 1959ರಲ್ಲಿ ತೋಟಗಾರಿಕೆ ತಜ್ಞ ಡಾ. ಎಂ.ಎಚ್. ಮರೀಗೌಡರ ಮುತುವರ್ಜಿಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಈ ಸಂಸ್ಥೆ ಇಂದಿಗೂ ದಿನದ ದರವನ್ನು ಫಲಕದ ಮೇಲೆ ಬರೆದು ಮಾರುತ್ತದೆ. ಆದರೆ ಮೂರು ಕಟ್ಟು ದಂಟಿನ ಸೊಪ್ಪನ್ನು ಬುಟ್ಟಿಯಲ್ಲಿಟ್ಟುಕೊಂಡು ಕುಳಿತ ಅಜ್ಜಿಯ ಬಳಿ ಐದು ರೂಪಾಯಿಗೆ ಚೌಕಾಸಿ ಮಾಡುವುದನ್ನು ದಯವಿಟ್ಟು ಬಿಡಿ. ನಸುಕಿನಲ್ಲೆದ್ದು ಸೊಪ್ಪು ಕಿತ್ತು ಬಸ್ಸು ಹತ್ತಿ ಬಂದ ಜೀವ ಅದು. ದಿನವೂ ಅವರಲ್ಲೇ ಕೊಂಡರೆ "ತಗಳವ್ವ, ಇದ್ ನಾಳೀಕ್ ಆಯ್ತದೆ, ಇದ್ ಇವತ್ತೇ ಬೇಯ್ಸ್ಬುಡು" ಎಂದು ಅವರೇ ಆರಿಸಿಕೊಡುತ್ತಾರೆ.

ಈ ಕಾಲದಲ್ಲಿ ಹೇರಳವಾಗಿ ಬರುವುದು ನುಗ್ಗೆಕಾಯಿ, ಸೌತೆ, ಬೂದುಗುಂಬಳ, ಸಿಹಿಗುಂಬಳ, ಹಲಸು, ಕರಬೂಜ ಮತ್ತು ಮಾವು. ಅವರೆಕಾಯಿ ಚಳಿಗಾಲದ್ದು, ಏಪ್ರಿಲ್‌ನಲ್ಲಿ ಅದರ ಹಿಂದೆ ಹೋಗಬೇಡಿ. ನುಗ್ಗೆಕಾಯಿಯನ್ನು ಎರಡೂ ತುದಿ ಹಿಡಿದು ಸ್ವಲ್ಪ ತಿರುಚಿದಾಗ ಬಾಗಬೇಕು. ಕಡ್ಡಿಯಂತೆ ನಿಂತರೆ ಬಲಿತಿದೆ. ಬೆಂಡೆಯ ತುದಿ ಪಟ್ಟನೆ ಮುರಿಯಬೇಕು, ಆದರೆ ಮಾರುವವರ ಬುಟ್ಟಿಯಲ್ಲಿ ಇಪ್ಪತ್ತು ತುದಿ ಮುರಿಯುವುದು ಸರಿಯಲ್ಲ, ಒಂದನ್ನು ನೋಡಿದರೆ ಸಾಕು. ಮಂಗಳೂರು ಸೌತೆ ಸಿಕ್ಕರೆ ನಾಲ್ಕು ಹೆಚ್ಚಿಗೆ ತನ್ನಿ: ಪೆಟ್ಟಾಗದ ಕಾಯಿಯನ್ನು ದಾರದಲ್ಲಿ ಕಟ್ಟಿ ಗಾಳಿಯಾಡುವಲ್ಲಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಮಾವಿನ ಹಣ್ಣಿನ ವಿಷಯದಲ್ಲಿ ಮಾತ್ರ ನಿಧಾನವಿರಲಿ. ರಾಮನಗರದ ಕಡೆಯ ಹಣ್ಣು ಮೊದಲು ಬರುತ್ತದೆ, ಕೋಲಾರ ಮತ್ತು ಶ್ರೀನಿವಾಸಪುರದ್ದು ಮೇ ನಡುವಿನಿಂದ ಜೂನ್‌ವರೆಗೆ. ಮಾರ್ಚ್ ತಿಂಗಳಲ್ಲೇ ಅಚ್ಚ ಹಳದಿಯಾಗಿ ಹೊಳೆಯುವ ಹಣ್ಣಿನ ರಾಶಿ ಕಂಡರೆ ಸಂಶಯ ಪಡಿ. ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಡುವುದನ್ನು ಆಹಾರ ಸುರಕ್ಷತೆಯ 2011ರ ನಿಯಮಗಳು ನಿಷೇಧಿಸಿವೆ, ಆದರೂ ಕಳ್ಳತನದಿಂದ ನಡೆಯುತ್ತಲೇ ಇದೆ. ಕಣ್ಣಿಗಿಂತ ಮೂಗನ್ನು ನಂಬಿ: ತೊಟ್ಟಿನ ಬಳಿ ಮೂಸಿದಾಗ ಪರಿಮಳವಿಲ್ಲದೆ ಮೈಯೆಲ್ಲ ಒಂದೇ ಹಳದಿಯಾಗಿರುವ ಹಣ್ಣನ್ನು ಬಿಟ್ಟುಬಿಡಿ. ಬಲಿತ ದೋರಗಾಯಿಯನ್ನೇ ಕೊಂಡು ಮನೆಯಲ್ಲಿ ಹುಲ್ಲಿನ ನಡುವೆ, ಇಲ್ಲವೇ ಕಾಗದ ಸುತ್ತಿ ಅಕ್ಕಿ ಡಬ್ಬಿಯಲ್ಲಿ ನಾಲ್ಕರಿಂದ ಆರು ದಿನ ಇಟ್ಟರೆ ಹದವಾಗಿ ಹಣ್ಣಾಗುತ್ತದೆ. ಹೋಳು ಮಾಡಿ ತಿನ್ನಲು ಬಾದಾಮಿ, ಸೀಕರಣೆಗೆ ರಸಪುರಿ, ಉಪ್ಪುಕಾರ ಹಚ್ಚಿ ಕಚ್ಚಲು ತೋತಾಪುರಿ. ಈ ಮೂರನ್ನು ಅದಲುಬದಲು ಮಾಡಿದರೆ ಹಣವೂ ದಂಡ, ರುಚಿಯೂ ದಂಡ.

ಮನೆಗೆ ಬಂದ ಕೂಡಲೇ ಸೊಪ್ಪಿನ ಬೇರು ಕತ್ತರಿಸಿ, ತೊಳೆಯದೆ, ತೆಳುವಾದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಹಸಿಮೆಣಸಿನಕಾಯಿಯ ತೊಟ್ಟು ತೆಗೆದಿಟ್ಟರೆ ಹತ್ತು ದಿನ ಬರುತ್ತದೆ.

5. ಒಲೆಯ ಕೆಲಸ ಹತ್ತರೊಳಗೆ

ಬೇಸಿಗೆಯ ಮಧ್ಯಾಹ್ನ ಒಲೆಯ ಮುಂದೆ ನಿಲ್ಲದಂತೆ ಮಾಡುವ ಅಡುಗೆಗಳನ್ನು ನಮ್ಮ ಹಿರಿಯರು ಕಟ್ಟಿಕೊಟ್ಟಿದ್ದಾರೆ. ತಂಬುಳಿ ಅವುಗಳಲ್ಲಿ ಮೊದಲನೆಯದು. ಹತ್ತು ಹನ್ನೆರಡು ದೊಡ್ಡಪತ್ರೆ ಎಲೆಗಳನ್ನು ಆಗಷ್ಟೇ ಕೊಯ್ದು ತನ್ನಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ ಮತ್ತು ನಾಲ್ಕು ಕಾಳುಮೆಣಸನ್ನು ಹುರಿದು, ಎಲೆಗಳನ್ನು ಹಾಕಿ, ಅವು ಬಣ್ಣ ತಿರುಗಿ ಮೆತ್ತಗಾಗುವಷ್ಟು ಮಾತ್ರ ಬಾಡಿಸಿ. ತಣಿದ ಮೇಲೆ ಕಾಲು ಬಟ್ಟಲು ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಎರಡು ಲೋಟ ಸಿಹಿಮಜ್ಜಿಗೆಗೆ ಕದಡಿ, ಉಪ್ಪು ಹಾಕಿ ಒಗ್ಗರಣೆ ಕೊಡಿ. ಇದನ್ನು ಕುದಿಸಬಾರದು. ಒಂದೆಲಗವಾದರೆ ಬಾಡಿಸುವುದೂ ಬೇಡ, ಹಸಿಯಾಗಿಯೇ ರುಬ್ಬಬಹುದು.

ಕೋಸಂಬರಿಗೆ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಸೌತೆ, ಕಾಯಿತುರಿ, ತುರಿದ ಮಾವಿನಕಾಯಿ ಬೆರೆಸಿಡಿ. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಸೌತೆ ನೀರು ಬಿಟ್ಟು ಪಾತ್ರೆಯ ತಳದಲ್ಲಿ ಕೆರೆಯಾಗುತ್ತದೆ. ಅಪ್ಪೆಹುಳಿಗೆ ಒಂದು ಹುಳಿ ಮಾವಿನಕಾಯಿಯನ್ನು ಬೇಯಿಸಿ ಹಿಚುಕಿ, ನಾಲ್ಕು ಲೋಟ ನೀರು, ಉಪ್ಪು, ಚೂರು ಬೆಲ್ಲ ಸೇರಿಸಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಹಾಕಿದರೆ ಆಯಿತು. ಅದು ತೆಳ್ಳಗೇ ಇರಬೇಕು. ಅನ್ನಕ್ಕೂ ಸೈ, ಲೋಟದಲ್ಲಿ ಕುಡಿಯುವುದಕ್ಕೂ ಸೈ.

6. ಹತ್ತರಿಂದ ನಾಲ್ಕರವರೆಗಿನ ಬಿಸಿಲು ಸಂಡಿಗೆಗೆ

ಗಿಡಕ್ಕೆ ಶತ್ರುವಾದ ಬಿಸಿಲು ಸಂಡಿಗೆಗೆ ಬಂಧು. ಗಿಡಗಳ ಮೇಲೆ ಅರ್ಧದಷ್ಟು ಬಿಸಿಲು ತಡೆಯುವ ಹಸಿರು ಬಲೆ ಎಳೆದು, ತಾರಸಿಯ ತೆರೆದ ಭಾಗವನ್ನು ಗುಡಿಸಿ ಒರೆಸಿ ಸಂಡಿಗೆಗೆ ಬಿಡಿ. ರಾತ್ರಿ ನೆನೆದ ಒಂದು ಲೋಟ ಸಬ್ಬಕ್ಕಿಗೆ ಐದರಿಂದ ಆರು ಲೋಟ ನೀರು ಸೇರಿಸಿ, ಕಾಳಿನ ನಡುವಿನ ಬಿಳಿ ಚುಕ್ಕೆ ಮಾಯವಾಗಿ ಗಾಜಿನಂತಾಗುವವರೆಗೆ ಕೈಯಾಡುತ್ತ ಬೇಯಿಸಬೇಕು. ಇಳಿಸಿದ ಮೇಲೆ ಅರೆದ ಹಸಿಮೆಣಸು, ಜೀರಿಗೆ, ನಿಂಬೆರಸ ಬೆರೆಸಿ. ಉಪ್ಪನ್ನು ಬಾಯಿಗೆ ಸಪ್ಪೆ ಎನಿಸುವಷ್ಟೇ ಹಾಕಿ, ನೀರು ಆರಿದಾಗ ಅದೇ ಉಪ್ಪು ಸರಿಯಾಗಿ ನಿಲ್ಲುತ್ತದೆ. ಬಿಸಿಯಿರುವಾಗಲೇ ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಚಮಚದಲ್ಲಿ ಬಿಡಿ. ಮೊದಲ ಸಂಜೆ ಅಂಚು ಏಳುತ್ತದೆ, ಎರಡನೇ ದಿನ ತಿರುವಿಹಾಕಬೇಕು, ಮೂರನೇ ದಿನ ಮುರಿದರೆ ಪಟ್ ಎನ್ನಬೇಕು.

ಬಾಳಕದ ಮೆಣಸಿನಕಾಯಿಗೆ ಅಷ್ಟು ಕಾವಲು ಬೇಡ. ಖಾರ ಕಡಿಮೆಯಿರುವ ದಪ್ಪ ಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ ಉಪ್ಪು ಹಾಕಿದ ಹುಳಿಮಜ್ಜಿಗೆಯಲ್ಲಿ ರಾತ್ರಿ ನೆನೆಸುವುದು, ಹಗಲು ತೆಗೆದು ಒಣಗಿಸುವುದು, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕುವುದು. ನಾಲ್ಕೈದು ದಿನದಲ್ಲಿ ಮಜ್ಜಿಗೆಯೆಲ್ಲ ಹೀರಿ ಮುಗಿಯುತ್ತದೆ. ಆಮೇಲೆ ಗರಿಗರಿಯಾಗುವವರೆಗೆ ಬರಿ ಬಿಸಿಲು.

ಭರಣಿ ಮಳೆ ಏಪ್ರಿಲ್ ಕೊನೆಯ ವಾರದಲ್ಲಿ ಹುಟ್ಟುತ್ತದೆ. "ಭರಣಿ ಮಳೆ ಸುರಿದರೆ ಧರಣಿಯೆಲ್ಲಾ ಬೆಳೆ" ಎಂಬ ಮಾತು ರೈತರಿಗೆ ಸಂತೋಷದ್ದು, ಸಂಡಿಗೆ ಹಾಕಿದವರಿಗೆ ಎಚ್ಚರಿಕೆಯದು. ಒಂದು ವರ್ಷ ಮೇ ತಿಂಗಳ ಮೊದಲ ವಾರ ಮೂರು ಹಾಳೆ ಅರಳು ಸಂಡಿಗೆ ಹರಡಿ ಕೆಳಗೆ ಬಂದು ಊಟಕ್ಕೆ ಕುಳಿತ ಹೊತ್ತಿನಲ್ಲಿ ಆಲಿಕಲ್ಲು ಸಮೇತ ಮಳೆ ಸುರಿದು, ನಾವು ಮೆಟ್ಟಿಲು ಹತ್ತುವಷ್ಟರಲ್ಲಿ ಎಲ್ಲವೂ ಗಂಜಿಯಾಗಿತ್ತು. ಅಂದಿನಿಂದ ಏಪ್ರಿಲ್ 25ರ ನಂತರ ನಾನು ಸಂಡಿಗೆಗೆ ಕೈಹಾಕುವುದಿಲ್ಲ.

7. ಮಿಡಿ ಬಂದ ವಾರ

ಸಾಗರ, ಹೊಸನಗರ, ಶಿರಸಿಯ ಕಡೆಯ ಹೊಳೆದಂಡೆಗಳ ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅದು ಸಿಗುತ್ತದೆ. ಸಿಕ್ಕ ದಿನ ಉಳಿದ ಕೆಲಸಗಳನ್ನೆಲ್ಲ ಬದಿಗಿಡಬೇಕು, ಏಕೆಂದರೆ ಕೊಯ್ದ ಮಿಡಿ ಎರಡು ದಿನ ಕಾಯುವುದಿಲ್ಲ. ಕೊಳ್ಳುವಾಗ ಒಂದು ಮಿಡಿಯ ತೊಟ್ಟು ಮುರಿದು ಸೊನೆಯನ್ನು ಮೂಸಿ ನೋಡಿ. ಆ ಪರಿಮಳವೇ ಉಪ್ಪಿನಕಾಯಿಯ ಪರಿಮಳ, ಅದನ್ನು ಯಾವ ಮಸಾಲೆಯೂ ಆಮೇಲೆ ತಂದುಕೊಡಲಾರದು. ಬಿದ್ದ ಪೆಟ್ಟಿನ ಗುರುತಿರುವ, ತೊಟ್ಟು ಕಳಚಿದ ಮಿಡಿಗಳನ್ನು ತೆಗೆದುಕೊಳ್ಳಬೇಡಿ; ಅಂಥದ್ದೊಂದು ಮೆತ್ತಗಾದರೆ ಇಡೀ ಭರಣಿ ಕೆಡುತ್ತದೆ.

ಮಿಡಿಯನ್ನು ತೊಳೆದು, ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಇಲ್ಲದಂತೆ ಆರಿಸಿ, ಅರ್ಧ ಅಂಗುಲ ತೊಟ್ಟು ಉಳಿಸಿ ಕತ್ತರಿಸಿ. ಒಂದು ಕಿಲೋ ಮಿಡಿಗೆ ಕಾಲು ಕಿಲೋ ಕಲ್ಲುಪ್ಪು ಲೆಕ್ಕ. ಬಿಸಿಲಿನಲ್ಲಿ ಕಾಯಿಸಿದ ಪಿಂಗಾಣಿ ಭರಣಿಯಲ್ಲಿ ಒಂದು ಪದರ ಉಪ್ಪು, ಒಂದು ಪದರ ಮಿಡಿ ಹೀಗೆ ತುಂಬಿ, ಮೇಲಿನದು ಉಪ್ಪಿನ ಪದರವೇ ಆಗಿರುವಂತೆ ಮುಗಿಸಿ, ಬಾಯಿಗೆ ಬಟ್ಟೆ ಕಟ್ಟಿ. ದಿನವೂ ಒಮ್ಮೆ ಒಣ ಮರದ ಸೌಟಿನಿಂದ ಕೆಳಮೇಲು ಮಾಡಬೇಕು. ಮೂರನೇ ದಿನಕ್ಕೆ ಮಿಡಿ ನೀರು ಬಿಡುತ್ತದೆ, ಹತ್ತು ಹದಿನೈದು ದಿನಕ್ಕೆ ಹಸಿರು ಬಣ್ಣ ಕಂದಿ, ಸಿಪ್ಪೆ ಅಜ್ಜಿಯ ಕೈಯ ಹಾಗೆ ಸುಕ್ಕುಗಟ್ಟುತ್ತದೆ. ಸುಕ್ಕುಗಟ್ಟದೆ ಮುಂದಿನ ಕೆಲಸಕ್ಕೆ ಅವಸರಿಸಬೇಡಿ.

ಆಮೇಲೆ ಮಿಡಿಯನ್ನು ಬೇರೆ ತೆಗೆದು, ಉಳಿದ ಉಪ್ಪುನೀರನ್ನು ಸೋಸಿ, ಚೆನ್ನಾಗಿ ಕುದಿಸಿ, ಪೂರ್ತಿ ತಣಿಸಿ. ನೂರು ಗ್ರಾಂ ಸಾಸಿವೆಯನ್ನು ಹುರಿಯದೆ ಬಿಸಿಲಿನಲ್ಲಿ ಕಾಯಿಸಿ ಪುಡಿಮಾಡಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಸೇರಿಸಿದ ನೂರು ಗ್ರಾಂ ಮೆಣಸಿನಪುಡಿ, ಎರಡು ಚಮಚ ಅರಿಸಿನ, ಸ್ವಲ್ಪ ಇಂಗು ಇವೆಲ್ಲವನ್ನೂ ಆ ಉಪ್ಪುನೀರಿನಲ್ಲೇ ದೋಸೆಹಿಟ್ಟಿನ ಹದಕ್ಕೆ ಕಲಸಿ ಮಿಡಿಗೆ ಬೆರೆಸಿ. ಮಲೆನಾಡಿನ ಕ್ರಮದಲ್ಲಿ ಇದಕ್ಕೆ ಎಣ್ಣೆ ಸುರಿಯುವುದಿಲ್ಲ, ಉಪ್ಪು ಮತ್ತು ಸಾಸಿವೆಯೇ ಅದನ್ನು ಕಾಯುತ್ತವೆ. ಭರಣಿಯ ಕುತ್ತಿಗೆಗೆ ಮೆತ್ತಿದ ಮಸಾಲೆಯನ್ನು ಒಣ ಬಟ್ಟೆಯಿಂದ ಒರೆಸಿ ಮುಚ್ಚಿಡಿ. ಬೂಷ್ಟು ಹಿಡಿಯುವುದು ಬಹುಮಟ್ಟಿಗೆ ಅಲ್ಲಿಂದಲೇ. ತಿಂಗಳ ನಂತರ ಬಳಕೆಗೆ ತೆಗೆಯುವಾಗ ಚಿಕ್ಕ ಬಾಟಲಿಗೆ ಬೇಕಾದಷ್ಟು ವರ್ಗಾಯಿಸಿಕೊಳ್ಳಿ, ದೊಡ್ಡ ಭರಣಿಯನ್ನು ದಿನವೂ ತೆರೆಯಬೇಡಿ.

8. ಸಂಜೆ, ಮತ್ತು ಋತುವಿನ ಕೊನೆ

ನಾಲ್ಕೂವರೆಗೆ ಸಂಡಿಗೆಯ ಹಾಳೆ ಎತ್ತಿ ಒಳಗಿಡುವುದು, ಆರಕ್ಕೆ ಗಿಡಗಳ ಸುತ್ತು, ಬಾಡಿದ ಎಲೆ ಮತ್ತು ತರಕಾರಿ ಸಿಪ್ಪೆಗಳನ್ನು ಗೊಬ್ಬರದ ಡಬ್ಬಿಗೆ ಹಾಕಿ ಮೇಲೆ ಒಂದು ಹಿಡಿ ಒಣ ತರಗೆಲೆ ಉದುರಿಸುವುದು ಇಷ್ಟೇ ಸಂಜೆಯ ಕೆಲಸ. ಮಾವಿನ ಗೊರಟುಗಳನ್ನು ಮಾತ್ರ ಬೇರೆಯಾಗಿಡಿ, ಅವು ಕಳಿಯಲು ಬಹಳ ಕಾಲ ಬೇಕು.

ಮೇ ಕೊನೆಗೆ ರೋಹಿಣಿ ಮಳೆ ಹಿಡಿಯುವ ಮುನ್ನ ಚೆನ್ನಾಗಿ ಕಾಯಿ ಬಿಟ್ಟ ಬೆಂಡೆಗಿಡವೊಂದನ್ನು ಗುರುತಿಸಿ, ಅದರ ಎರಡು ಕಾಯಿಗಳನ್ನು ಕೊಯ್ಯದೆ ಗಿಡದಲ್ಲೇ ಒಣಗಲು ಬಿಡಿ. ಕಾಯಿ ಕಂದು ಬಣ್ಣಕ್ಕೆ ತಿರುಗಿ ಏಣುಗಳ ಉದ್ದಕ್ಕೂ ಬಿರುಕು ಬಿಟ್ಟಾಗ ಬೀಜ ಬಿಡಿಸಿ, ಬೂದಿ ಬೆರೆಸಿ, ಕಾಗದದ ಪೊಟ್ಟಣದಲ್ಲಿ ತಿಂಗಳು ಬರೆದಿಡಿ. ಜೂನ್ ಮೊದಲ ವಾರ ಹಸಿರು ಬಲೆಯನ್ನು ಬಿಚ್ಚಿ ಮಡಚಿ, ಹಳೆಯ ಕುಂಡಗಳ ಮಣ್ಣನ್ನು ಹಾಳೆಯ ಮೇಲೆ ಸುರಿದು ಎರಡು ದಿನ ಬಿಸಿಲಿಗೆ ಒಡ್ಡಿ, ಕಾಲು ಪಾಲು ಹೊಸ ಗೊಬ್ಬರ ಬೆರೆಸಿ ತುಂಬಿದರೆ, ಮೃಗಶಿರಾ ಮಳೆಯ ಮೊದಲ ಹದಕ್ಕೆ ಟೊಮೆಟೊ ಸಸಿಗಳನ್ನು ಇಡಬಹುದು.